ಚೀಲದ ತಳದ ಸ್ಯಾಂಪಲ್ಲು

ಹೆದರಿದ ಮನುಷ್ಯ ಯಾವಾಗ ಏನು ಮಾಡುತ್ತಾನೆ ಅನ್ನೋದು ದೇವರಿಗೂ ಗೊತ್ತಿರುವುದಿಲ್ಲ. ರಾಣೆಬೆನ್ನೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಸೂಜಿ ಹಿಡಿದು ಕೂತಿದ್ದೇನೆ. ಹೆದರಿದವರು ದಿನಾ ಬರುತ್ತಾರೆ, ಹಾಗಾಗಿ ನಗುವುದಕ್ಕೇನೂ ಕೊರತೆಯಾಗಿಲ್ಲ. "ಏನೂ ಆಗೂದಿಲ್ಲರಿ, ಇರಿವಿ ಕಚ್ಚಿದಂಗ ಅಷ್ಟ" ಅನ್ನುವ ಮಾತು ನನ್ನ ಬಾಯಿಂದ ತಾನಾಗಿಯೇ ಉದುರುತ್ತದೆ.

ಅಂಥ ನನಗೆ ಹೋದ ಶ್ರಾವಣದಲ್ಲಿ ತಲೆ ಬಾಚಿಕೊಳ್ಳುವಾಗ ಕುತ್ತಿಗೆಯಲ್ಲೊಂದು ಗಂಟು ಸಿಕ್ಕಿತು. ಕಡಲೆಗಿಂತ ದೊಡ್ಡದು, ಲಿಂಬೆಹಣ್ಣಿಗಿಂತ ಸಣ್ಣದು. ಹಾವೇರಿಯ ಡಾಕ್ಟರು ಮುಟ್ಟಿ ನೋಡಿ, "ಒಂದು ಸ್ಯಾಂಪಲ್ ತಗದು ನೋಡೂಣು" ಅಂದರು.

ಸ್ಯಾಂಪಲ್! ದಿನಕ್ಕೆ ನಲವತ್ತು ಸಲ ನಾನೇ ಆಡುವ ಮಾತು. ನಮ್ಮ ಜಿಲ್ಲೆಯಲ್ಲಿ ಇದಕ್ಕಿರುವಷ್ಟು ಅರ್ಥ ಡಿಕ್ಷನರಿಯಲ್ಲೂ ಇರಲಿಕ್ಕಿಲ್ಲ. ಬ್ಯಾಡಗಿಯಲ್ಲಿ ಅದು ಒಂದು ಹಿಡಿ ಮೆಣಸಿನಕಾಯಿ. ರಾಣೆಬೆನ್ನೂರಿನ ಬೀಜದ ಕಂಪನಿಗಳಲ್ಲಿ ಒಂದು ಪೊಟ್ಟಣ ಬೀಜ. ಕಿರಾಣಿ ಅಂಗಡಿಯಲ್ಲಿ ಪುಕ್ಕಟೆ ಶಾಂಪೂ. ನಮ್ಮ ಓಣಿಯಲ್ಲಿ, "ಎಂಥಾ ಸ್ಯಾಂಪಲ್ ಅದಾನಪಾ!" ಅಂದರೆ ಆ ಮನುಷ್ಯನಿಂದ ನಾಲ್ಕು ಹೆಜ್ಜೆ ದೂರ ಇರಬೇಕು. ಇಷ್ಟೆಲ್ಲ ಗೊತ್ತಿದ್ದ ನನಗೆ ಅವತ್ತು ಆ ಮಾತು ಕೇಳಿದಾಗ ಬೆನ್ನಿನಲ್ಲಿ ತಣ್ಣೀರು ಇಳಿದಂತಾಯಿತು. ಸೂಜಿಯ ಈ ಕಡೆ ಕೂತು ಗೊತ್ತಿತ್ತು, ಆ ಕಡೆ ಕೂತು ಗೊತ್ತಿರಲಿಲ್ಲ.

ರಿಪೋರ್ಟಿಗೆ ಆರು ದಿನ. ಆ ಆರು ದಿನ ತಲೆಯೊಳಗೆ ಬರೀ ಸ್ಯಾಂಪಲ್ಲುಗಳದೇ ಮೆರವಣಿಗೆ.

ಮನೆಯ ಚಲೋ ಮಾಲು

ಮೊದಲು ನೆನಪಾದವರು ಬ್ಯಾಡಗಿಯ ಒಬ್ಬ ದಲಾಲಿ. ಅರವತ್ತು ದಾಟಿದವರು. ಮೆಣಸಿನಕಾಯಿಯ ಘಾಟು ಅವರ ಅಂಗಿಗಿಂತ ಒಂದು ಹೆಜ್ಜೆ ಮುಂದೆ ಒಳಗೆ ಬರುತ್ತಿತ್ತು. ಡಾಕ್ಟರು ಮೂತ್ರ ಪರೀಕ್ಷೆ ಬರೆದುಕೊಟ್ಟಿದ್ದರು. ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಹೋಗಿದ್ದನ್ನು ಕಂಡ ಮನುಷ್ಯ, ಬಾಟಲಿಯನ್ನು ಮೇಜಿನ ತುದಿಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

ರಿಪೋರ್ಟು ಬಂತು. ಕನ್ನಡಿಯಂಥ ರಿಪೋರ್ಟು. ಒಂದು ಚೂರು ಕೊಂಕಿಲ್ಲ. ಅದನ್ನು ನೋಡಿದ ಡಾಕ್ಟರಿಗೇ ಅನುಮಾನ ಬಂದು ಅವರನ್ನು ನನ್ನ ಹತ್ತಿರ ವಾಪಸ್ ಕಳಿಸಿದರು.

"ಯಜಮಾನ್ರ, ಖರೇ ಹೇಳ್ರಿ. ಇದು ನಿಮ್ದ ಏನು?" ಅಂದೆ.

"ನಮ್ಮ ಮನೀದ ರಿ."

"ಮನೀದು ಅಂದ್ರ?"

"ತಮ್ಮನ ಮಗಂದು. ಕುಸ್ತಿ ಪೈಲ್ವಾನ ಅದಾನ, ದಿನಾ ಎರಡು ಲೀಟರ್ ಹಾಲು ಕುಡಿತಾನ."

"ಅವಂದ್ಯಾಕ ತಂದ್ರಿ?"

ಅವರು ನನ್ನನ್ನು ಎಳೆ ಮಗುವನ್ನು ನೋಡಿದಂತೆ ನೋಡಿದರು. "ಏನ್ ಅಕ್ಕಾರ, ನಲವತ್ತು ವರ್ಷ ವ್ಯಾಪಾರ ಮಾಡೇನಿ. ಸ್ಯಾಂಪಲ್ ಕೇಳಿದ್ರ ಚೀಲದಾಗಿನ ಹುಳುಕು ಯಾರರ ತೋರಸ್ತಾರೇನು?"

ಸಾಕ್ಷಿ ಡಬ್ಬಿಗಳು

ನನ್ನ ಯಜಮಾನರು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವವರು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಟ್ಟು, ಸುತ್ತಿ, ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. ಅಲ್ಲಿ ಒಂದು ಪದ್ಧತಿಯಿದೆ. ಯಾವ ಬೀಜ ಹೊರಗೆ ಹೋದರೂ ಅದರದೊಂದು ಪೊಟ್ಟಣ ಚೀಟಿ ಅಂಟಿಸಿ ಎತ್ತಿಡಬೇಕು. ನಾಳೆ ಯಾರಾದರೂ "ನಿಮ್ಮ ಬೀಜ ಹುಟ್ಟಲಿಲ್ಲ" ಎಂದು ಬಂದರೆ ಸಾಕ್ಷಿಗೆ ಇರಲಿ ಅಂತ.

ಇವರೋ ಸ್ವಭಾವತಃ ಪುಕ್ಕಲರು. ಈ ಪದ್ಧತಿಯನ್ನು ಮನೆಗೂ ತಂದರು. ನಾನು ಮಾಡಿದ ಸಾರು, ಪಲ್ಯ, ಚಟ್ನಿ, ಎಲ್ಲದರದೂ ಒಂದೊಂದು ಚಮಚ ಡಬ್ಬಿಗೆ ಹಾಕಿ, ವಾರದ ಹೆಸರು ಬರೆದು ಫ್ರಿಜ್ಜಿನಲ್ಲಿ ಇಡುತ್ತಾರೆ.

"ಇದೇನ್ರಿ ಹುಚ್ಚು?" ಅಂದರೆ, "ಯಾರಿಗರ ಹೊಟ್ಟಿ ಕೆಟ್ರ ಯಾವುದರಿಂದ ಅಂತ ಗೊತ್ತಾಗಬೇಕಲ್ಲ" ಎಂದು ಉತ್ತರ.

ಒಮ್ಮೆ ಐರಣಿಯಿಂದ ಅವರ ಚಿಕ್ಕಮ್ಮ ಬಂದಿದ್ದರು. ಅತ್ತೆ ತವರಿಗೆ ಹೋಗಿದ್ದರು, ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಹಸಿವಾಗಿ ಫ್ರಿಜ್ ತೆಗೆದಿದ್ದಾರೆ. ಸಾಲಾಗಿ ಸಣ್ಣ ಸಣ್ಣ ಡಬ್ಬಿ. ಪಾಪ, ಈ ಮನೆಯಲ್ಲಿ ಊಟ ಇಷ್ಟೇ ಅಂದುಕೊಂಡು ಸೋಮವಾರದಿಂದ ಶನಿವಾರದವರೆಗೆ ಎಲ್ಲವನ್ನೂ ರೊಟ್ಟಿಗೆ ಹಚ್ಚಿಕೊಂಡು ಮುಗಿಸಿದ್ದಾರೆ. ಸಂಜೆಗೆ ಹೊಟ್ಟೆ ಕೆಟ್ಟಿತು.

ಯಜಮಾನರು ಖಾಲಿ ಡಬ್ಬಿಗಳ ಮುಂದೆ ತಲೆ ಮೇಲೆ ಕೈಹೊತ್ತು ಕೂತರು. "ಈಗ ಯಾವುದರಿಂದ ಅಂತ ಹೆಂಗ ಹೇಳೂದು? ಸಾಕ್ಷಿ ಎಲ್ಲಾ ಚಿಗವ್ವನ ಹೊಟ್ಟ್ಯಾಗ ಐತಿ!"

ನನ್ನ ಕುತ್ತಿಗೆಗೆ ಸೂಜಿ ಹಾಕಿದ ದಿನವೂ ಇವರು ಮೂಲೆಯಲ್ಲಿ ಬೆವರುತ್ತ ನಿಂತಿದ್ದರು. ಎಲ್ಲ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗಿ ಮೆಲ್ಲಗೆ ಕೇಳಿದ್ದು ಒಂದೇ ಮಾತು: "ಸರ್, ಇದರಾಗ ಅರ್ಧ ನಮಗ ಕೊಡ್ತೀರೇನು? ಫ್ರಿಜ್ಜಿನಾಗ ಇಟ್ಕೋತೇವಿ."

ಉಪ್ಪಿಟ್ಟು

ಇದನ್ನು ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ನನ್ನತ್ತೆ ಬ್ಯಾಡಗಿಯ ಹೆಣ್ಣುಮಗಳು. ತಂದೆಯ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆಯೇ ಬೆಳೆದವರು. ಬೆರಳಿನಲ್ಲಿ ಮುರಿದು, ಮೂಸಿ, ಇದು ನಮ್ಮ ಬ್ಯಾಡಗಿಯದು, ಕಣ್ಣಿಗೆ ಕೆಂಪು, ನಾಲಿಗೆಗೆ ತಂಪು; ಇದು ಗುಂಟೂರಿನದು, ಮುಟ್ಟಿದರೆ ಉರಿ, ಎಂದು ಕತ್ತಲಲ್ಲೂ ಹೇಳಬಲ್ಲರು. ಅಂಥವರು ನನ್ನನ್ನು ನೋಡಲು ಬರುತ್ತಾರೆಂದಾಗ ನಮ್ಮವ್ವ ನಡುಗಿದಳು. ನನಗೆ ಅಡುಗೆ ಬರುತ್ತಿರಲಿಲ್ಲ, ಬಿಎಸ್ಸಿ ಬರುತ್ತಿತ್ತು. ಕೊನೆಗೆ ಉಪ್ಪಿಟ್ಟು ಮಾಡಿದ್ದು ನಮ್ಮ ವೈನಿ, ಅಣ್ಣನ ಹೆಂಡತಿ. ತಟ್ಟೆ ಹಿಡಿದು ಬಂದದ್ದು ಮಾತ್ರ ನಾನು. ಅತ್ತೆ ಎರಡು ಸಲ ಹಾಕಿಸಿಕೊಂಡು, "ಕೈಗುಣ ಚಲೋ ಐತಿ" ಅಂದರು.

ಮದುವೆಯಾದ ಮೂರನೆಯ ದಿನ ನಾನೇ ಉಪ್ಪಿಟ್ಟು ಮಾಡಬೇಕಾಯಿತು. ಒಂದು ತುತ್ತು ಬಾಯಿಗಿಟ್ಟು ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಹಾಗೇ ನೋಡುತ್ತಲೇ ತಟ್ಟೆ ಖಾಲಿ ಮಾಡಿದರು. ಆ ನೋಟಕ್ಕೆ ನಾನು ಇಪ್ಪತ್ತು ವರ್ಷ ಹೆದರಿಕೊಂಡು ಬದುಕಿದ್ದೇನೆ.

ಚೀಲದ ಬಾಯಿಯ ಸ್ಯಾಂಪಲ್ಲು

ಸೂಜಿ ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಅತ್ತೆಯ ಮೊದಲ ಪ್ರಶ್ನೆ: "ಎಷ್ಟು ಕಡೆ ಚುಚ್ಚಿದ್ರು?"

"ಒಂದ ಕಡೆ, ಅತ್ಯಾರ."

"ಒಂದ ಕಡೆ? ಎಷ್ಟು ಆಳ?"

"ನಂಗೇನ್ ಗೊತ್ತರಿ? ನಾ ಕಣ್ ಮುಚ್ಚಿದ್ದೆ."

"ಥೂ ನಿನ್ನ! ಓದಿದಾಕಿ ನೀ. ಚೀಲದ ಬಾಯಾಗಿಂದು ತಗದ್ರ ಸ್ಯಾಂಪಲ್ ಆಕ್ಕತೇನು? ಮ್ಯಾಲ ಒಂದು, ನಡುವ ಒಂದು, ತಳದಾಗ ಮೊಣಕೈ ತನಾ ಕೈ ಹಾಕಿ ಒಂದು. ಅದು ಸ್ಯಾಂಪಲ್!"

ಯಜಮಾನರು ಗಂಭೀರವಾಗಿ ತಲೆ ಆಡಿಸಿದರು. "ನಮ್ಮಲ್ಲೂ ಹಂಗ. ಚೀಲಕ್ಕ ಮೂರು ಕಡೆ ಕೊಳವಿ ಚುಚ್ತೇವಿ." ತಾಯಿ, ಮಗ ಇಬ್ಬರೂ ಸೇರಿ ನನ್ನನ್ನು ತಕ್ಕಡಿಯ ಮೇಲಿಟ್ಟ ಚೀಲದಂತೆ ನೋಡಿದರು. ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಹಾಲು ಉಕ್ಕಿಸಿದೆ.

ಆ ಆರು ದಿನ ಲ್ಯಾಬಿನಲ್ಲಿ ಯಾರಿಗೂ "ಇರಿವಿ ಕಚ್ಚಿದಂಗ" ಅನ್ನಲಿಲ್ಲ. ಮೇಡ್ಲೇರಿಯಿಂದ ಬರುತ್ತಿದ್ದ ಹಳೆಯ ಪೇಶಂಟು ಹೆಂಗಸೊಬ್ಬಳು ಕೈ ಚಾಚಿ ಕಾದು ಕಾದು, "ಯಾಕ್ರೀ ಅಕ್ಕಾ, ಇವತ್ತ ಇರಿವಿ ಇಲ್ಲೇನು?" ಅಂದಳು. ಮನೆಯಲ್ಲಿ ಅತ್ತೆ ನನ್ನ ತಪ್ಪು ಹುಡುಕುವುದನ್ನು ಪೂರಾ ಬಿಟ್ಟುಬಿಟ್ಟರು. ಅದು ನನಗೆ ಗಂಟಿಗಿಂತ ಹೆಚ್ಚು ಗಾಬರಿ. ಇವರು ಇಷ್ಟು ಒಳ್ಳೆಯವರಾಗಿದ್ದಾರೆ ಅಂದರೆ ನಾನು ಉಳಿಯುವುದು ಖಾತ್ರಿಯಿಲ್ಲ!

ಆರನೆಯ ದಿನ ರಿಪೋರ್ಟು ಬಂತು. ಮೂರು ಸಲ ಓದಿದೆ. ಬಂದದ್ದು ಒಂದೇ ಸಾಲು: ಸಿಕ್ಕ ಸ್ಯಾಂಪಲ್ಲು ಸಾಲದು, ಇನ್ನೊಮ್ಮೆ ತೆಗೆಯಬೇಕು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಈ ಸಲ ನಾ ಬರ್ತೇನಿ."

ಮಾಲಿನ ಕತೆ

ಹಾವೇರಿಯ ಬಸ್ಸಿನಲ್ಲಿ ಯಜಮಾನರು ಮುಂದಿನ ಸೀಟಿನಲ್ಲಿ, ನಾನು ಅತ್ತೆ ಹಿಂದೆ. ಹೆದರಿಕೆ ಎಂಥದು ನೋಡಿ: ಮೋಟೆಬೆನ್ನೂರು ಬರುವಷ್ಟರಲ್ಲಿ, ಸತ್ತರೆ ಸುಳ್ಳು ಹೊತ್ತುಕೊಂಡು ಸಾಯಬಾರದು ಅನ್ನಿಸಿಬಿಟ್ಟಿತು.

"ಅತ್ಯಾರ, ನನ್ನ ನೋಡಾಕ ಬಂದಾಗಿನ ಉಪ್ಪಿಟ್ಟು ನಾ ಮಾಡಿದ್ದಲ್ಲರಿ. ನಮ್ಮ ವೈನಿ ಮಾಡಿದ್ದು."

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಹಾಗೇ ನನ್ನ ಕೈ ಹಿಡಿದುಕೊಂಡರು. ಹಾವೇರಿ ಬರುವವರೆಗೆ ಬಿಡಲಿಲ್ಲ. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಅವರನ್ನು ಪರದೆಯ ಹೊರಗೆ ಕೂರಿಸಿದರು. ಈ ಸಲ ಡಾಕ್ಟರು ಸ್ಕ್ಯಾನಿನ ಪರದೆಯಲ್ಲಿ ಗಂಟನ್ನು ನೋಡುತ್ತ ಸೂಜಿ ಹಾಕುತ್ತಿದ್ದಾಗ ಹೊರಗಿನಿಂದ ದನಿ ಬಂತು: "ಡಾಕ್ಟರ್ರ, ಅಂಜಬ್ಯಾಡ್ರಿ, ತಳದಾಗ ಕೈ ಹಾಕ್ರಿ!" ನರ್ಸು ನಕ್ಕಳು. ಡಾಕ್ಟರು ನಗು ತಡೆದು, "ಅಲುಗಾಡಬ್ಯಾಡ್ರಿ" ಅಂದರು. ಅಲುಗಾಡುತ್ತಿದ್ದದ್ದು ನಾನಲ್ಲ, ಮಂಚವನ್ನೇ ಗಟ್ಟಿಯಾಗಿ ಹಿಡಿದು ನಡುಗುತ್ತಿದ್ದ ನನ್ನ ಯಜಮಾನರು.

ಮತ್ತೆ ಆರು ದಿನ. ಆ ಆರು ದಿನದ್ದನ್ನು ಬರೆಯುವುದಿಲ್ಲ.

ಏಳನೆಯ ದಿನ ಮೂವರೂ ಡಾಕ್ಟರ ಮುಂದೆ ಕೂತೆವು. ಅವರು ಕಾಗದ ಓದಿ ಕನ್ನಡಕ ತೆಗೆದರು. "ಗಾಬರಿ ಆಗೂವಂಥಾದ್ದು ಏನೂ ಇಲ್ಲ. ಸಾದಾ ಗಂಟು. ಆರು ತಿಂಗಳ ಬಿಟ್ಟು ಒಮ್ಮೆ ತೋರಿಸ್ರಿ."

ಯಜಮಾನರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನಾನು ಆ ಕಾಗದ ಇಸಿದುಕೊಂಡು ನಾನೇ ಇನ್ನೊಮ್ಮೆ ಓದಿದೆ. ಅತ್ತೆ ಮಾತ್ರ ಕದಲಲಿಲ್ಲ. ವ್ಯಾಪಾರದವರ ಮಗಳು, ಅಷ್ಟು ಸುಲಭಕ್ಕೆ ನಂಬುತ್ತಾರೆಯೇ?

"ಸ್ಯಾಂಪಲ್ ಚಲೋ ಬಂದೈತಿ, ಖರೇ," ಅಂದರು. "ಮಾಲ್ ಹೆಂಗೈತ್ರಿ?"

ಡಾಕ್ಟರೂ ಇದೇ ಸೀಮೆಯವರು. "ಮಾಲು ಇಷ್ಟು ವರ್ಷದಿಂದ ನಿಮ್ಮ ಮನ್ಯಾಗ ಐತೆಲ್ಲರಿ ಅವ್ವಾರ. ಅದನ್ನ ನೀವ ಹೇಳಬೇಕು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮದುವೆಯ ಮೂರನೆಯ ದಿನದ ಅದೇ ನೋಟ. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

"ಏನ್ ಹೇಳ್ಲಿ ಡಾಕ್ಟರ್ರ? ಬ್ಯಾರೇದವ್ರ ಉಪ್ಪಿಟ್ಟಿನ ಸ್ಯಾಂಪಲ್ ತೋರಿಸಿ ಬ್ಯಾಡಗಿ ಅಂತ ಕೊಟ್ರು. ಮನಿಗೆ ಒಯ್ದು ಚೀಲ ಬಿಚ್ಚಿದ್ರ ಗುಂಟೂರು! ಮೂರನೇ ದಿನಾನ ಗೊತ್ತಾತು. ಇರ್ಲಿ ಬಿಡ್ರಿ, ಖಾರ ರೂಢಿ ಆಗೇತಿ. ಈಗ ವಾಪಸ್ ಕೊಟ್ರ ತಂಪು ಮಾಲು ನಮಗ ಸೇರೂದಿಲ್ಲ."