ಒಂದು ಹಾರ್ಡ್ ಡಿಸ್ಕು, ಊರ ಮಂದಿಯ ಮದುವೆಗಳು

ಮದುವೆ ವಿಡಿಯೋ ಮಾಡುವವನಿಗೆ ಮದುವೆ ಮುಗಿದ ಮೇಲೇ ಅಸಲಿ ಗದ್ದಲ ಶುರು. ಇಂಡಿ ಊರಿನಲ್ಲಿ ನಾನು ಎಡಿಟಿಂಗ್ ಅಂಗಡಿ ಹಾಕಿದ್ದು ಎರಡು ಸಾವಿರದ ಇಸವಿಯ ಆಚೀಚೆ. ಕ್ಯಾಸೆಟ್ಟು ದುಬಾರಿ. ಒಂದು ಮದುವೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ಹಿಡಿಯುತ್ತಿದ್ದೆ. ಹಾಗಾಗಿ ಎಲ್ಲರ ಮದುವೆಯೂ ಉಳಿದಿರುತ್ತಿದ್ದದ್ದು ನನ್ನ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಬೆರಳು ತಪ್ಪಿದರೆ ಒಂದು ಮನೆತನದ ನೆನಪು ಹೋಯಿತು. ಆ ಹೆದರಿಕೆಯಲ್ಲಿ ನಾನು ನಗುವುದನ್ನೇ ಬಿಟ್ಟಿದ್ದೆ. ನಗಿಸುವವರು ಮಾತ್ರ ಬರುತ್ತಲೇ ಇದ್ದರು.

೧. ಹಿರಿಯವನ ಪಾಲು

ಹೊಸ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ನಾಲ್ಕು ಪಾಲು ಮಾಡುತ್ತಿದ್ದೆ. ಯಂಕಂಚಿಯ ಅಜ್ಜ ಒಬ್ಬರು ಮೊಮ್ಮಗಳ ಮದುವೆಯ ವಿಡಿಯೋ ವಿಚಾರಿಸಲು ಬಂದು ಪಕ್ಕದಲ್ಲಿ ಕೂತರು. ಊರಲ್ಲಿ ಅಣ್ಣತಮ್ಮಂದಿರ ಹೊಲ ಹಂಚಿಕೊಡುವ ಹಿರಿಯರು ಅವರು.

“ತಮ್ಮಾ, ಮೊದಲನೇದಕ್ಕ ಯಾಕ ಇಷ್ಟ ಸಣ್ಣ ತುಂಡು?”

“ಅದು ಸಿ ರೀ ಅಜ್ಜಾರ. ಕಂಪ್ಯೂಟರ್ ನಡಿಸೋ ಸಾಮಾನು ಅಷ್ಟ ಅದರಾಗ. ಮದುವಿ ಎಲ್ಲಾ ಉಳಿದ ಮೂರರಾಗ.”

“ಅಂದ್ರ ಮನಿ ನಡಸಾಂವ ಅವ, ಹೊಲ ತಮ್ಮಂದಿರಿಗೆ? ಇದು ನಿಲ್ಲಂಗಿಲ್ಲ. ಅವ ತಕರಾರ ತಗೀತಾನ.”

ನಾನು ತಿಳಿದವನ ಗತ್ತಿನಲ್ಲಿ ಪಾಲು ಮುಗಿಸಿದೆ. ಹದಿನೈದೇ ದಿನಕ್ಕೆ ಸಿ ತುಂಬಿ ಕಂಪ್ಯೂಟರು ಮುಷ್ಕರ ಹೂಡಿತು. ಮದುವೆಗಳನ್ನೆಲ್ಲ ಗೆಳೆಯನ ಕಂಪ್ಯೂಟರಿಗೆ ಸಾಗಿಸಿ ಮತ್ತೆ ಪಾಲು ಮಾಡಿದೆ. ಈ ಸಲ ಅಜ್ಜನನ್ನು ಕರೆಸಿ, ಅವರ ಎದುರಿಗೇ.

೨. ಬೇರೆ ಸಂಸಾರ

ಝಳಕಿಯ ಅಣ್ಣತಮ್ಮ ಇಬ್ಬರು. ಮಾತು ಬಿಟ್ಟು ಆರು ವರ್ಷ. ಒಂದೇ ತಿಂಗಳಲ್ಲಿ ಇಬ್ಬರ ಮನೆಯಲ್ಲೂ ಮದುವೆಯಾಯಿತು. ಮೊದಲು ಅಣ್ಣ ಬಂದ.

“ನಮ್ಮ ಮದುವಿ ಎದರಾಗ ಐತ್ರಿ?”

“ಇ ಡ್ರೈವಿನ್ಯಾಗ.”

“ತಮ್ಮಂದು?”

“ಅದೂ ಅಲ್ಲೇರಿ.”

ಅವನು ಎದ್ದು ನಿಂತ. “ನಾವು ನಡುಮನ್ಯಾಗ ಗ್ವಾಡಿ ಕಟ್ಟೇವಿ. ನೀವು ಇಬ್ಬರನ್ನೂ ಕೂಡಿಸಿ ಇಟ್ಟೀರಲ್ಲ!”

ಅವನ ಮದುವೆಯನ್ನು ಎಫ್‌ಗೆ ಸರಿಸಿದೆ. ಮುಕ್ಕಾಲು ತಾಸು ಹಿಡಿಯಿತು. ನಡುವೆ ಕರೆಂಟು ಹೋದರೆ ಏನು ಗತಿ ಎಂದು ನಾನು ಬೆವರುತ್ತಿದ್ದೆ. ಅವನು ಕೊನೆಯ ತನಕ ಅಲುಗದೆ ಕಾವಲು ಕೂತಿದ್ದ.

ಮರುದಿನ ತಮ್ಮ ಬಂದ. ಸಣ್ಣ ದನಿಯಲ್ಲಿ ಕೇಳಿದ: “ನಮ್ಮಣ್ಣ ಎಫ್‌ಗೆ ಹೋದನಂತ. ಯಾಕ್ರಿ, ಇಲ್ಲಿ ನಾ ಅವಗ ಏನ್ ಅಂದಿದ್ನಿ?”

೩. ಬೇಡವಾದದ್ದು

ಎಡಿಟ್ ಮಾಡುವಾಗ ಕತ್ತರಿಸಿದ ತುಣುಕುಗಳನ್ನು ಎಫ್‌ನಲ್ಲಿ ಒಂದು ಫೋಲ್ಡರಿಗೆ ತುಂಬುತ್ತಿದ್ದೆ. ಹೆಸರು ‘ಬ್ಯಾಡಾದ್ದು’. ಜಾಗ ಸಾಲದಾದಾಗ ಅಳಿಸುವುದು ರೂಢಿ.

ಸಿಂದಗಿಯ ದರ್ಜಿಯೊಬ್ಬ ಬಂದ. ಅವನ ತಂಗಿಯ ಮದುವೆಯನ್ನು ನಾನೇ ಹಿಡಿದಿದ್ದೆ. “ಅಣ್ಣಾರ, ನಮ್ಮವ್ವ ಹೋಗಿ ತಿಂಗಳಾತ್ರಿ. ಒಂದು ಫೋಟೋ ಸೈತ ತೆಗಿಸಿಕೊಂಡಾಕಿ ಅಲ್ಲ. ನೀವು ಕೊಟ್ಟ ಮದುವಿ ಸೀಡ್ಯಾಗೂ ಇಲ್ಲ. ನಿಮ್ಮ ಕಂಪ್ಯೂಟರಿನ್ಯಾಗರ ಉಳದಾಳೇನು ನೋಡ್ರಿ.”

ಕ್ಯಾಸೆಟ್ಟಿನ ಮೇಲೆ ಆಗಲೇ ಬಸವನ ಬಾಗೇವಾಡಿಯ ಮದುವೆ ಕೂತಿತ್ತು. ಉಳಿದದ್ದು ಆ ಫೋಲ್ಡರು. ಎರಡು ವಾರದಿಂದ ಅದನ್ನು ಅಳಿಸಬೇಕು ಅನ್ನುತ್ತಲೇ ಸೋಮಾರಿತನದಿಂದ ಬಿಟ್ಟಿದ್ದೆ. ದರ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತುಣುಕು ತೆರೆಯುತ್ತಾ ಹೋದೆ.

ಸಿಕ್ಕಳು. ಊಟದ ಪಂಕ್ತಿ ಹಿಡಿಯುತ್ತಿದ್ದ ನನ್ನ ಕ್ಯಾಮೆರಾಕ್ಕೆ ನೇರವಾಗಿ ಬಂದು ಅಡ್ಡ ನಿಂತಿದ್ದಳು.

“ಏ, ಉಣ್ಣೋರ ಬಾಯಿಗೆ ಲೈಟ್ ಹಿಡಿತಿ, ನಾಚಿಕಿ ಬರಂಗಿಲ್ಲೇನೋ ನಿನಗ? ಮುಂಜಾನಿಂದ ಹಸಕೊಂಡು ಅಡ್ಡಾಡಾಕತ್ತಿ. ಮೊದಲ ಕೂತು ಉಣ್ಣು, ಮೂಳಾ!”

ಅಷ್ಟೇ. ನನ್ನ ಚಿತ್ರ ಕೆಡಿಸಿದಳೆಂದು ನಾನೇ ಅವಳನ್ನು ಕತ್ತರಿಸಿ ಎಸೆದಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ದರ್ಜಿ ಅಳುತ್ತಿದ್ದ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

“ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಇನ್ನೊಮ್ಮಿ ಬೈಸಿಕೊಳ್ರಿ.”