ಬಾಯಿಗೆ ಹೋದ ಕಾಳು

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಡಾಕ್ಟರೇಟ್ ಮಾಡಿದರೂ ಹೋಗಿಲ್ಲ. ಕೊಟ್ಟೂರಿನಲ್ಲಿ ನಮ್ಮದು ದವಸ ಕೊಂಡು ಮಾರಿಸುವ ಅಡತಿ ಅಂಗಡಿ. ಚೀಲದಿಂದ ಜೋಳ ತೆಗೆದು ಒಂದು ಕಾಳು ಕಡಿದು ನೋಡಬೇಕು. ಕಟ್ ಎಂದರೆ ಒಣಗಿದೆ, ಮೆತ್ತಗಿದ್ದರೆ ಇನ್ನೂ ಬಿಸಿಲು ಬೇಕು. ನಡೆಯಲು ಕಲಿಯುವ ಮೊದಲೇ ನಾನು ಇದನ್ನು ಕಲಿತೆನೆಂದು ನಮ್ಮವ್ವ ಹೇಳುತ್ತಿದ್ದಳು. ಈಗ ನಾನು ಕೂಡ್ಲಿಗಿಯ ಕಾಲೇಜಿನಲ್ಲಿ ಪುರಾತತ್ವದ ಮೇಷ್ಟ್ರು.

ನನ್ನ ವಿದ್ಯಾರ್ಥಿನಿ ಶಿವಲೀಲಾ ಗುಡೇಕೋಟೆ ಕಡೆಯ ಒಂದು ಬೂದಿದಿಬ್ಬದ ಮಣ್ಣು ತಂದು, ಸಾವಿರಾರು ವರ್ಷಗಳ ಹಿಂದಿನವರು ಏನು ತಿಂದರೆಂದು ಪ್ರಬಂಧ ಬರೆಯುತ್ತಿದ್ದಳು. ಅಂಥ ಪ್ರಬಂಧಗಳಿಗೆ ರಾಜ್ಯಮಟ್ಟದ ಬಹುಮಾನವಿತ್ತು. ಅದು ಬಂದರೆ ಮುಂದೆ ಓದಿಸುವುದಾಗಿ ಅವಳ ಅಪ್ಪ ಮಾತು ಕೊಟ್ಟಿದ್ದರು. ಎರಡು ತಿಂಗಳು ಬಕೆಟ್ಟಿನಲ್ಲಿ ಮಣ್ಣು ಕದಡಿ ಸೋಸಿದ ಮೇಲೆ ಸಿಕ್ಕಿದ್ದು ಸುಟ್ಟ ಕಾಳಿನ ಒಂದಿಷ್ಟು ಕರಿ ಚೂರು, ಒಂದೇ ಒಂದು ಇಡೀ ಕಾಳು. ಅದನ್ನು ನನ್ನ ಅಂಗೈಗೆ ಹಾಕಿ, "ನವಣಿ ಕಾಳೋ ಸಾವಿ ಕಾಳೋ ನೋಡ್ರಿ ಸರ" ಎಂದಳು.

ನೋಡಿದೆ. ಕೈ ತಾನಾಗಿಯೇ ಬಾಯಿಗೆ ಹೋಯಿತು. ಕಡಿದೆ. ಗಾಬರಿಯಲ್ಲಿ ನುಂಗಿಯೂ ಬಿಟ್ಟೆ.

ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸುಮ್ಮನೆ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ತಿಂಗಳುಗಟ್ಟಲೆ ಕಣ್ಣು ಕೀಲಿಸಿ ಕೂತು, ನವಣೆಯೇ ಎಂದು ಸಾಧಿಸಿದಳು. ಆದರೆ ಮೂರನೆಯ ಅಧ್ಯಾಯದಲ್ಲಿ ಒಂದು ಸಾಲಿತ್ತು: "ದೊರೆತ ಏಕೈಕ ಇಡೀ ಕಾಳನ್ನು ಮಾರ್ಗದರ್ಶಕರು ಅಭ್ಯಾಸಬಲದಿಂದ ತಿಂದರು."

"'ಪರೀಕ್ಷೆಯ ವೇಳೆ ನಾಶವಾಯಿತು' ಅಂತ ಬರಿಯಮ್ಮ" ಎಂದು ಬೇಡಿಕೊಂಡೆ.

"ಎಂಥಾ ಪರೀಕ್ಷೆ ಅಂತ ಕೇಳಿದ್ರ ಏನ್ ಹೇಳ್ಲಿರಿ ಸರ? ಕಂಡದ್ದು ಕಂಡಂಗ ಬರಿ ಅಂತ ನೀವ ಹೇಳೀರಿ."

ಹೇಳಿದ್ದೆ, ಪ್ರತಿ ವರ್ಷ ಹೇಳುತ್ತೇನೆ. ಪಾಲಿಸುವವರು ಸಿಗುತ್ತಾರೆಂದು ಮಾತ್ರ ಎಣಿಸಿರಲಿಲ್ಲ.

ಬಹುಮಾನ ಅವಳಿಗೇ ಬಂತು. ನನಗೆ ಕಣ್ಣಲ್ಲಿ ನೀರೂ ಬಂತು, ಸುಳ್ಳೇಕೆ ಹೇಳಲಿ. ಕಾಲೇಜಿನ ಸಮಾರಂಭದಲ್ಲಿ ತೀರ್ಪುಗಾರರ ಪತ್ರ ಓದುವ ಕೆಲಸ ವಿಭಾಗದ ಮುಖ್ಯಸ್ಥನದು, ಅಂದರೆ ನನ್ನದೇ. ಅವಳ ಪ್ರಾಮಾಣಿಕತೆಯನ್ನು ಮೆಚ್ಚಿದ್ದ ಆ ಪುಣ್ಯಾತ್ಮರು ಉದಾಹರಣೆಗೆ ಆ ಸಾಲನ್ನೇ ಎತ್ತಿ ಬರೆದಿದ್ದರು. ಹಾರಿಸಿಬಿಡೋಣವೆಂದುಕೊಂಡೆ. ಸಭೆಯ ಮೊದಲ ಸಾಲಿನಲ್ಲಿ ಶಿವಲೀಲಾ ಅಪ್ಪನ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದಳು. ಗಟ್ಟಿಯಾಗಿ ಓದಿದೆ. ಸಭೆ ಬಿದ್ದು ಬಿದ್ದು ನಕ್ಕಿತು.

ನಗದೆ ಕೂತಿದ್ದವಳು ನನ್ನ ಹೆಂಡತಿ ಒಬ್ಬಳೇ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ನಾ ಬಿಸಿ ಬಿಸಿ ನವಣಿ ಅನ್ನ ಮಾಡಿದ್ರ ಗಂಟಲಾಗ ಇಳಿಯಂಗಿಲ್ಲ ಅಂತೀರಲ್ಲ, ಸಾವಿರ ವರ್ಷದ ಹಳಸಿದ್ದು ಹೆಂಗ ಇಳೀತ್ರಿ?"

ಅಂದಿನಿಂದ ತಟ್ಟೆಗೆ ಬಿದ್ದದ್ದನ್ನು ಮಾತಿಲ್ಲದೆ ಉಣ್ಣುತ್ತಿದ್ದೇನೆ.