ಅಂಕಿತನಾಮ: ಬೇಬಿ

ನಮ್ಮ ಭಾವನಿಗೆ ಇಬ್ಬರು ಗುರುಗಳು. ಒಬ್ಬರು ಊರಿನ ಮಠದಲ್ಲಿದ್ದಾರೆ, ಮೈಮೇಲೆ ಬರೀ ಕಾವಿ. ಇನ್ನೊಬ್ಬರು ಓಕ್ಲೆಂಡಿನಲ್ಲಿದ್ದಾರೆ, ಮೈಮೇಲೆ ಅದೂ ಇಲ್ಲ!

ಸುಳ್ಳು ಹೇಳಬಾರದು. ಎರಡನೆಯವರ ಮೈಮೇಲೆ ಒಂದು ರೇಷ್ಮೆ ಅಂಗಿ ಇರುತ್ತದೆ, ಅದಕ್ಕೆ ಗುಂಡಿಗಳೂ ಇರುತ್ತವೆ. ಒಂದು ಗುಂಡಿಗೂ ಕಾಜಾದ ಪರಿಚಯ ಆದಂತಿಲ್ಲ, ಅಷ್ಟೇ. ಅವರು ಒಂದು ಕಾಲಕ್ಕೆ ಹೆಸರು ಮಾಡಿದ್ದ ಸೋಲ್ ಗಾಯಕರು. ಸೋಲ್ ಅಂದರೆ ಚರ್ಚಿನಲ್ಲಿ ಹುಟ್ಟಿ, ಮಲಗುವ ಕೋಣೆಗೆ ಬಂದು ಸೇರಿಕೊಂಡ ಸಂಗೀತ. ನಮ್ಮ ಭಾವ ಅದನ್ನು ‘ಆತ್ಮಸಂಗೀತ’ ಎಂದು ಕನ್ನಡಿಸಿ, ಸ್ನಾನ ಮಾಡಿ, ಮಡಿಯಲ್ಲಿ ಕೂತು ಕೇಳುತ್ತಿದ್ದರು.

ಭಾವ ಎಂದರೆ ನಮ್ಮಕ್ಕನ ಗಂಡ. ಮಿಲ್ಪಿಟಾಸಿನಲ್ಲಿ ಅವರ ಟೌನ್‌ಹೌಸು, ಹತ್ತು ನಿಮಿಷದ ದೂರದಲ್ಲಿ ನಮ್ಮ ಅಪಾರ್ಟ್‌ಮೆಂಟು. ಬೇ ಏರಿಯಾದ ಕನ್ನಡದವರು ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಭಜನೆ ಮಾಡುತ್ತಿದ್ದೆವು. ಹಾಡುವವಳು ಅಕ್ಕ, ಹಾರ್ಮೋನಿಯಂ ಭಾವ, ಮಿಕ್ಕವರೆಲ್ಲ ಪ್ರಸಾದಕ್ಕೆ. ಅಕ್ಕ ತಾರಸ್ಥಾಯಿಗೆ ಹೋದಳೆಂದರೆ ಷೇರು ಮಾರುಕಟ್ಟೆ ಮಾತಾಡುತ್ತಿದ್ದ ಗಂಡಸರೂ ಬಾಯಿ ಮುಚ್ಚುತ್ತಿದ್ದರು. ಇಂಟರ್ನೆಟ್ ಕಂಪನಿಗಳ ಷೇರು ದಿನಾ ಏರುತ್ತಿದ್ದ ಆ ಕಾಲದಲ್ಲಿ ಅವರ ಬಾಯಿ ಮುಚ್ಚಿಸುವುದು ಸಣ್ಣ ಸಾಧನೆಯಲ್ಲ.

ಆಮೇಲೆ ಅಕ್ಕನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆ ಆ ಕಂಠವೂ ಹೋಯಿತು. ಡಾಕ್ಟರು ಹೇಳಿದ್ದಿಷ್ಟೇ: ದನಿ ಸತ್ತಿಲ್ಲ, ಕೆಳಗಿಳಿದಿದೆ, ಹಾಡುತ್ತಾ ಇದ್ದರೆ ಕೂಡಿಕೊಳ್ಳುತ್ತದೆ. ಅಕ್ಕ ಮನೆಯಲ್ಲಿ ಒಂದೇ ಒಂದು ಸಲ ಪ್ರಯತ್ನಿಸಿದಳು. ತನ್ನ ದನಿ ತನ್ನ ಕಿವಿಗೇ ಬಿದ್ದಾಗ ನಿಲ್ಲಿಸಿದಳು. “ಈ ಗಂಟಲಲ್ಲಿ ದೇವರ ಹೆಸರು ಬೇಡ” ಅಂದಳು. ಅಂದಿನಿಂದ ಮಾತು ಕೂಡ ಪಿಸುದನಿಯಲ್ಲಿ. ಭಜನೆಗೆ ಬಂದರೆ ಗೋಡೆಗೊರಗಿ ತಾಳ ಹಾಕುವುದು, ಅಷ್ಟೇ. ಇವಳು ಇನ್ನು ಹಾಡುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲಿ ನಮಗೆಲ್ಲ ಊಟ ಸೇರುತ್ತಿರಲಿಲ್ಲ.

ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಅನ್ನುತ್ತಾರಲ್ಲ, ಭಾವನಿಗೆ ಈ ಹುಚ್ಚು ಹತ್ತಿದ್ದು ಸರಿಯಾಗಿ ಆಗಲೇ! ಸ್ಯಾನ್ ಹೋಸೆಯ ಹಳೇ ಸಾಮಾನಿನ ಸಂತೆಗೆ ಫೈಲಿಡುವ ಕಪಾಟು ತರಲು ಹೋದವರು, ಒಂದು ಗ್ರಾಮಫೋನ್ ರೆಕಾರ್ಡು ತಂದರು. ಮುಖಪುಟದಲ್ಲಿ ಗಾಯಕರು ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. “ನೋಡು, ಎಂಥಾ ಭಕ್ತಿ” ಅಂದರು ಭಾವ. ಅಕ್ಕ ರೆಕಾರ್ಡು ತಿರುಗಿಸಿದಳು. ಹಿಂದುಗಡೆ ಅದೇ ಗಾಯಕರು, ಸ್ಯಾಟಿನ್ ಹಾಸಿಗೆಯ ಮೇಲೆ. ಅಕ್ಕ ಕಂದು ಕಾಗದ ತಂದು, ಮಕ್ಕಳ ಸ್ಕೂಲ್ ಪುಸ್ತಕಕ್ಕೆ ಹಾಕುವ ಹಾಗೆ ಬೈಂಡು ಹಾಕಿಟ್ಟಳು. ಭಾವ ಅದರ ಮೇಲೆ ಲೇಬಲ್ಲು ಅಂಟಿಸಿ ದುಂಡಗೆ ಬರೆದರು: ‘ದೇವರನಾಮ – ೧’. ವರ್ಷ ತುಂಬುವುದರೊಳಗೆ ‘ದೇವರನಾಮ – ೨೩’ ಆಗಿತ್ತು.

ಅವರ ಸಂಶೋಧನೆ ಕೇಳಿ. ನಮ್ಮ ದಾಸರ ಪದಗಳಲ್ಲಿ ಕೊನೆಯ ಚರಣಕ್ಕೆ ದಾಸರ ಅಂಕಿತ ಬರುತ್ತದಷ್ಟೆ? ಯಾವ ದಾಸರ ಪದ ಎಂದು ಅದರಿಂದಲೇ ಗುರುತು. ಈ ಗಾಯಕರ ಹಾಡುಗಳಲ್ಲಿ ಯಾವ ಹಾಡು ತೆಗೆದುಕೊಂಡರೂ ಕೊನೆಗೆ ತಪ್ಪದೆ ಒಂದು ಪದ ಬರುತ್ತದೆ. ಬೇಬಿ.

“ಅಂಕಿತನಾಮ ಕಣೇ ಅದು” ಅಂದರು ನನ್ನೊಡನೆ, ಯಾರೂ ಕಾಣದ್ದನ್ನು ಕಂಡವರ ಹಾಗೆ.

ಪಕ್ಕದಲ್ಲಿ ಹೋಮ್‌ವರ್ಕು ಮಾಡುತ್ತಿದ್ದ ನನ್ನ ಮಗಳು ತಲೆಯೆತ್ತಿದಳು. ಇಲ್ಲೇ ಹುಟ್ಟಿದವಳು, ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ದೊಡ್ಡಪ್ಪಾ, ಹಿ ಈಸ್ ಟಾಕಿಂಗ್ ಟು ಹಿಸ್ ಗರ್ಲ್‌ಫ್ರೆಂಡ್.”

“ಹಾಗೆ ಕಾಣತ್ತೆ ಪುಟ್ಟಾ. ಭಗವಂತನನ್ನ ಪ್ರಿಯತಮ ಅಂತ ತಿಳ್ಕೊಂಡು ಹಾಡೋದು. ಅದಕ್ಕೆ ಮಧುರಭಾವ ಅಂತಾರೆ.”

ನನಗೆ ಗೊತ್ತಿದ್ದ ಭಾವ ಒಬ್ಬರೇ, ಅವರಲ್ಲಿ ಮಾಧುರ್ಯ ಸ್ವಲ್ಪ ಕಮ್ಮಿಯೇ. “ಮತ್ತೆ ದೀಪ ಆರಿಸು, ಬಾಗಿಲು ಹಾಕು ಅಂತ ಹಾಡ್ತಾರಲ್ಲ, ಅದಕ್ಕೇನಂತೀರಿ?” ಎಂದು ಕೆಣಕಿದೆ.

“ಅಹಂಕಾರದ ದೀಪ. ಇಂದ್ರಿಯಗಳ ಬಾಗಿಲು.”

“ನಿಧಾನಕ್ಕೆ, ನಿಧಾನಕ್ಕೆ ಅಂತಾರಲ್ಲ?”

“ಸಾಧನೆ ಮತ್ತೆ ಅವಸರದಲ್ಲಿ ಆಗತ್ತೇನೇ?”

ಮನೆಯ ಕತೆ ಹೀಗಾದರೆ ಆಫೀಸಿನದು ಇನ್ನೊಂದು. ಭಾವ ಒಂದು ಸ್ಟಾರ್ಟಪ್ಪಿನಲ್ಲಿದ್ದರು. ಅಲ್ಲಿನ ಬಿಳಿ ಹಲಗೆಯ ಮೇಲೆ ಒಂದು ಮಧ್ಯಾಹ್ನ ತಮ್ಮ ಗಾಯಕರ ಗುರುಪರಂಪರೆ ಬರೆದರು. ಮೇಲೆ ಚರ್ಚಿನ ಅಜ್ಜಿಯರು, ನಡುವೆ ಗಾಯಕರು, ಕೆಳಗೆ ಅವರ ದನಿಯ ಚೂರುಪಾರನ್ನು ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಂಡ ಹೊಸ ಹುಡುಗರು, ಎಲ್ಲರ ನಡುವೆಯೂ ಬಾಣದ ಗುರುತು. ‘ಅಳಿಸಬೇಡಿ’ ಎಂದೂ ಬರೆದರು. ಮರುದಿನ ಬಂಡವಾಳ ಹೂಡುವವರು ಬಂದಾಗ ಅವರ ಬಾಸು ಅದನ್ನೇ ತೋರಿಸಿ ಭವಿಷ್ಯದ ಬಗ್ಗೆ ಮಾತಾಡಿದರಂತೆ, ಬಂದವರು ತಲೆದೂಗಿದರಂತೆ. ಕಂಪನಿ ಏನು ಮಾಡುತ್ತದೆಂದು ಬಂದವರಿಗೂ ಗೊತ್ತಿರಲಿಲ್ಲ, ಭಾವನಿಗೂ ಗೊತ್ತಿರಲಿಲ್ಲ. ಆ ಕಾಲ ಹಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಶ್ರಾವಣದ ಒಂದು ಶನಿವಾರ ಸರಟೋಗಾದ ಗುಡ್ಡದ ಮೇಲೆ, ಭಜನಾ ಮಂಡಳಿಯ ಅಧ್ಯಕ್ಷರ ಹೊಸ ಮನೆಯಲ್ಲಿ ಭಜನೆ. ಅಧ್ಯಕ್ಷರು ಒಂದು ದೊಡ್ಡ ಕಂಪನಿಯ ವೈಸ್ ಪ್ರೆಸಿಡೆಂಟು. ಭಾವ ಹಾರ್ಮೋನಿಯಂ ಎಳೆದುಕೊಂಡು, “ಓಕ್ಲೆಂಡಿನ ದಾಸರದ್ದೊಂದು ಪದ, ಕನ್ನಡಕ್ಕೆ ನಾನೇ ತಂದಿದೀನಿ, ಎಲ್ರೂ ಹೇಳಿ” ಎಂದು ಶುರು ಮಾಡಿದರು. “ಬಾಗಿಲ ಹಾಕಿ ಬಾರೋ ಬೇಬಿ, ಬೆಳಕ ನಂದಿಸಿ ಬಾರೋ.” ಮಾತೆಲ್ಲ ಕನ್ನಡವಾಗಿತ್ತು, ಬೇಬಿ ಬೇಬಿಯಾಗಿಯೇ ಉಳಿದಿತ್ತು. ಆಮೇಲೆ ಕೇಳಿದರೆ, “ಅಂಕಿತ ಬದಲಾಯಿಸಿದ್ರೆ ಕೃತಿಚೌರ್ಯ ಆಗಲ್ವಾ?” ಅಂದರು.

ರೇಷ್ಮೆ ಸೀರೆಯುಟ್ಟ ಮೂವತ್ತು ಹೆಂಗಸರು ತಾಳ ತಟ್ಟುತ್ತಾ ‘ಬಾರೋ ಬೇಬಿ’ ಎಂದು ದನಿಗೂಡಿಸಿದರು. ಉಡುಪಿಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡು, “ಬಾಲಕೃಷ್ಣನ ಪದ ಅಲ್ವಾ ಮಾರಾಯ್ರೇ, ಭಾರಿ ಚಂದ ಉಂಟು” ಅಂದರು. ಎಲ್ಲ ಸುಸೂತ್ರವಾಗಿಯೇ ಮುಗಿಯುತ್ತಿತ್ತು. ಅಷ್ಟರಲ್ಲಿ ಮಹಡಿ ಮೆಟ್ಟಿಲ ಮೇಲಿದ್ದ ಅಧ್ಯಕ್ಷರ ಮಗಳು ರಾಗದ ಗುರುತು ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಾಮ್! ಡು ಯು ನೋ ವಾಟ್ ಯು ಆರ್ ಸಿಂಗಿಂಗ್?” ಅವಳು ಅರ್ಥ ಬಿಡಿಸಿ ಹೇಳಿದ ಮೇಲೆ ಮಂಗಳಾರತಿ ಬಹಳ ಬೇಗ ಆಯಿತು.

ಸೋಮವಾರ ಎಲ್ಲರಿಗೂ ಅಧ್ಯಕ್ಷರ ಈಮೇಲು ಬಂತು. ‘ಭಜನೆಯ ಗುಣಮಟ್ಟ: ಮುಂದಿನ ಕ್ರಮಗಳು.’ ಇನ್ನು ಮುಂದೆ ಪ್ರತಿ ಪದವನ್ನೂ ಸಮಿತಿ ಮೊದಲೇ ನೋಡಿ ಒಪ್ಪಬೇಕು, ಸಮಿತಿ ಎಂದರೆ ಅವರೇ. ಭಾವ ಎಲ್ಲರಿಗೂ ಕಾಣುವಂತೆ ಉತ್ತರ ಬರೆದರು, ಮೂರು ಪುಟ. ದೇಹ ಬಿಟ್ಟು ಆತ್ಮ ಹಾಡಿದ್ದನ್ನು ಯಾರಾದರೂ ಕೇಳಿದ್ದೀರಾ, ಗಂಟಲು ದೇಹದಲ್ಲಲ್ಲದೆ ಇನ್ನೆಲ್ಲಿದೆ, ಎಂದೆಲ್ಲ. ಓದಿ ನಾನೂ ನಕ್ಕೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಅಕ್ಕ ಕೆಂಡಾಮಂಡಲವಾದಳು. ಅವಳು ಬೈದದ್ದೂ ಪಿಸುದನಿಯಲ್ಲೇ. ಹೆಂಡತಿ ಬೈದದ್ದು ಕೇಳಿಸಲಿಲ್ಲವೆಂದು ಹತ್ತಿರ ಬಂದು ಕಿವಿಗೊಟ್ಟ ಗಂಡ ಲೋಕದಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು. “ನನಗಂತೂ ಹಾಡಕ್ಕಾಗಲ್ಲ. ಇದ್ದ ಮರ್ಯಾದೆನೂ ಕಳೆದ್ರಲ್ಲ. ಯಾರು ಆ ಪುಣ್ಯಾತ್ಮ, ಒಂದ್ಸಲ ನೋಡೇ ಬಿಡ್ತೀನಿ.”

ಭಾವ ಅದನ್ನು ಆಹ್ವಾನವೆಂದೇ ತಿಳಿದರು. ಗಾಯಕರಿಗೆ ಆಗಲೇ ಎಪ್ಪತ್ತು ದಾಟಿತ್ತು, ಓಕ್ಲೆಂಡಿನ ಒಂದು ಚಿಕ್ಕ ಚರ್ಚಿನಲ್ಲಿ ಭಾನುವಾರ ಮಾತ್ರ ಹಾಡುತ್ತಿದ್ದರು. ಭಾವ ಫ್ರೀವೇ ಮೇಲೆ ಎತ್ತಿನಗಾಡಿ ಹೊಡೆದ ಹಾಗೆ ಕಾರು ಓಡಿಸುವುದರಿಂದ ನಾನೇ ಡ್ರೈವ್ ಮಾಡಿದೆ. ಅವರು ಪಂಚೆಯುಟ್ಟು ಶಲ್ಯ ಹೊದ್ದು ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಕ್ಕ ಮುಂದೆ ಕೂತು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು.

ಚರ್ಚಿನಲ್ಲಿ ಪಂಚೆಯನ್ನು ಯಾರೂ ತಿರುಗಿ ನೋಡಲಿಲ್ಲ. ಅಲ್ಲಿನ ಹೆಂಗಸರ ಟೋಪಿಗಳ ಮುಂದೆ ಅದೇನು ಮಹಾ! ಗಾಯಕರು ಬಂದರು. ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿದ್ದರು. ಕೋಲೂರಿ ನಿಂತು ಹಾಡತೊಡಗಿದರು. ದನಿ ಸವೆದುಹೋಗಿತ್ತು. ರೆಕಾರ್ಡಿನಲ್ಲಿ ನಮ್ಮ ಗೋಡೆ ನಡುಗಿಸುತ್ತಿದ್ದ ಆ ಮೇಲಿನ ಜಾಗ ಬಂದಾಗ ಏರಿದರು, ಸಿಗಲಿಲ್ಲ. ಇನ್ನೊಮ್ಮೆ ಏರಿದರು, ಒಡೆಯಿತು. ನನಗೆ ತಲೆ ತಗ್ಗಿಸುವಂತಾಯಿತು. ಅವರು ಮಾತ್ರ ನಕ್ಕು, ಕರವಸ್ತ್ರದಿಂದ ಹಣೆ ಒರೆಸಿಕೊಂಡು, “ನಾನಿನ್ನು ಅಲ್ಲಿಗೆ ಹತ್ತೋದಿಲ್ಲ. ನೀವು ಹೋಗಿ ಬನ್ನಿ, ನಾನು ಇಲ್ಲಿ ಕೆಳಗಿರ್ತೀನಿ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇಡೀ ಚರ್ಚು ಎದ್ದು ನಿಂತು ಮೇಲಕ್ಕೆ ಹೋಯಿತು. ಅವರು ಕಣ್ಣು ಮುಚ್ಚಿ, ಕೆಳಗೆ, ಒಡಕು ದನಿಯಲ್ಲಿ ಒಂದೇ ಸ್ವರ ಹಿಡಿದು ನಿಂತರು. ಎಲ್ಲರೂ ಅದರ ಮೇಲೆಯೇ ನಿಂತಿದ್ದರು.

ಅಕ್ಕನ ಪಕ್ಕದಲ್ಲಿದ್ದ ನೇರಳೆ ಟೋಪಿಯ ಮುದುಕಿ ಅವಳ ಕೈ ಹಿಡಿದುಕೊಂಡು, “ಸಿಂಗ್, ಬೇಬಿ” ಅಂದರು. ಅಕ್ಕನಿಗೆ ಆ ಹಾಡಿನ ಒಂದು ಮಾತೂ ಬರುತ್ತಿರಲಿಲ್ಲ. ತುಟಿ ಅಲ್ಲಾಡಿತು. ಆಮೇಲೆ ಏನೋ ಕೇಳಿಸಿತು. ಸಣ್ಣದಾಗಿ, ದೊರಗಾಗಿ, ಮಾತಿಲ್ಲದೆ, ಆ ಮುದುಕರ ಸ್ವರಕ್ಕೇ ಸೇರಿಕೊಂಡು. ಇನ್ನೊಂದು ಪಕ್ಕದಲ್ಲಿದ್ದ ಭಾವ ಅವಳ ಕಡೆ ನೋಡಲೇ ಇಲ್ಲ. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಎದುರಿನ ಗೋಡೆಯನ್ನೇ ನೋಡುತ್ತಾ ನಿಂತಿದ್ದರು. ಈ ಮನುಷ್ಯನನ್ನು ವರ್ಷವಿಡೀ ಆಡಿಕೊಂಡು ನಕ್ಕ ನನಗೆ ನಾಚಿಕೆಯಾಯಿತು.

ವಾಪಸು ಬರುವಾಗ ಅಕ್ಕ ಹಿಂದೆ ತಿರುಗದೆಯೇ ಹೇಳಿದಳು. ಪಿಸುದನಿಯಲ್ಲಲ್ಲ.

“ಶನಿವಾರ ಭಜನೆಗೆ ಹೋಗೋಣ. ಶ್ರುತಿ ಇಳಿಸಿ ಹಿಡೀರಿ.”

“ಎಷ್ಟು ಇಳಿಸ್ಲಿ?” ಅಂದರು ಭಾವ.

“ನಾನು ಸಿಗೋವರೆಗೂ.”

ಕನ್ನಡಿಯಲ್ಲಿ ನೋಡಿದೆ. ಭಾವ ಕನ್ನಡಕ ತೆಗೆದು ಶಲ್ಯದಿಂದ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ಮನೆಗೆ ತಿರುಗಬೇಕಿದ್ದ ಮಿಲ್ಪಿಟಾಸಿನ ಎಕ್ಸಿಟ್ಟು ದಾಟಿಹೋಯಿತು. ಯಾರೂ ಹೇಳಲಿಲ್ಲ.